ಎಚ್ ಅಂದರೆ ಹಿಸ್ಪಾನಿಕ್ ಅಲ್ಲ: ಅಮೆರಿಕದ ಚೆಕ್‌ರೋಲ್ ನೋಡಿದ ಒಬ್ಬ ರೈಟರನ ವಿಮರ್ಶೆ

ಕೊಡಗಿನ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು ನಾನು. ತೋಟದ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಬೆಳಿಗ್ಗೆ ಹೆಸರು ಕೂಗಿ ಬಂದವರಿಗೆ ಒಂದು, ಅರ್ಧ ದಿನಕ್ಕೆ ಅರೆ, ಬಾರದವರಿಗೆ ಗೀಟು. ಕುಯ್ಲಿನ ಕಾಲದಲ್ಲಿ ಸಂಜೆ ಕಣದ ಪಕ್ಕ ತಕ್ಕಡಿ ಮುಂದೆ ನಿಂತು ಯಾರ ಚೀಲ ಎಷ್ಟು ಕೆ.ಜಿ. ಅಂತ ಬರೆದುಕೊಳ್ಳಬೇಕು. ಹೋಂಸ್ಟೇ, ಹೋಟೆಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ರೋಲ್ ಒಂದೇ. ಈಗ ವಿಮರ್ಶೆಗೆ ಎತ್ತಿಕೊಂಡಿರುವುದೂ ಒಂದು ರೋಲನ್ನೇ: ಅಮೆರಿಕದ ಸೆನ್ಸಸ್ ಬ್ಯೂರೋ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿರುವ ಅಂಕಿಅಂಶದ ಜಾಲತಾಣ, ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್.

ಗೋಣಿಕೊಪ್ಪದಲ್ಲಿ ಕೂತವನಿಗೆ ಅಮೆರಿಕದ ಜನಗಣತಿ ಯಾಕೆ ಬೇಕು ಅಂದರೆ, ಅದು ಟೀ ಅಂಗಡಿಯಲ್ಲಿ ಹುಟ್ಟಿದ ಜಗಳ. ನನ್ನ ಮಗಳು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದಾಳೆ. ನಾನೂ ನಮ್ಮ ಮನೆಯವರೂ ಐದು ತಿಂಗಳು ಅಲ್ಲಿದ್ದು ಬಂದೆವು. ಬಂದ ಮೇಲೆ ಟೀ ಅಂಗಡಿಯಲ್ಲಿ ಹೇಳಿದೆ: ಮಗಳ ಮನೆ ಎದುರು ಉರಿಬಿಸಿಲಲ್ಲಿ ಚಾವಣಿ ಹೊದಿಸುತ್ತಿದ್ದವರು ಸ್ಪ್ಯಾನಿಷ್ ಮಾತಾಡುವವರು, ಮೊಮ್ಮಗನ ಶಾಲೆಯ ಟೀಚರ್ ಮನೆಮಾತೂ ಸ್ಪ್ಯಾನಿಷ್, ಬ್ಯಾಂಕಿನಲ್ಲಿ ಟೈ ಕಟ್ಟಿ ಕೂತವರದ್ದೂ ಅದೇ. ಪಕ್ಕದಲ್ಲಿದ್ದ ನಮ್ಮ ನೆರೆಯ ತೋಟದ ಮಾಲೀಕರು ಬನ್ ಅದ್ದುತ್ತಾ ತೀರ್ಪು ಕೊಟ್ಟೇಬಿಟ್ಟರು. "ಅಲ್ಲಿಯ ಮೆಕ್ಸಿಕನ್ನರು ಅಂದರೆ ನಮ್ಮ ಅಸ್ಸಾಂ ಲೇಬರ್ ಇದ್ದ ಹಾಗೆ ಬಿಡಿ ರೈಟ್ರೇ. ಎಷ್ಟು ಕೊಟ್ಟರೂ ಉಳಿಸಲ್ಲ."

ಬಾಯಿ ಜಗಳಕ್ಕೆ ನಾನು ಹೋಗುವವನಲ್ಲ. ಮನೆಗೆ ಬಂದು ಅಳಿಯ ಬಿಟ್ಟುಹೋದ ಲ್ಯಾಪ್‌ಟಾಪ್ ತೆಗೆದೆ.

ಮೊದಲ ದಿನವೇ ಎಡವಿದೆ, ತಪ್ಪು ನನ್ನದೇ. ಮನೆ ಆದಾಯದ ಕೋಷ್ಟಕಕ್ಕೆ ಅಲ್ಲಿ ಬಿ19013 ಅಂತ ನಂಬರು. ಅದರ ಬಾಲಕ್ಕೆ ಇಂಗ್ಲಿಷಿನ ಒಂದೊಂದು ಅಕ್ಷರ ಅಂಟಿಸಿದರೆ ಒಂದೊಂದು ಜನವರ್ಗದ ಲೆಕ್ಕ ಬರುತ್ತದೆ. ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರಿಗೆ ಅಲ್ಲಿ ಹಿಸ್ಪಾನಿಕ್ ಅನ್ನುತ್ತಾರೆ. ಎಚ್ ಅಂದರೆ ಹಿಸ್ಪಾನಿಕ್ ಇರಬೇಕು ಅಂತ ಒತ್ತಿದೆ. ಬಂದ ಮೊತ್ತ ನೋಡಿ ಖುಷಿಯಾಗಿ ಮಗಳಿಗೆ ವಾಟ್ಸಾಪ್ ಮಾಡಿದೆ, ನಿಮ್ಮ ಊರಿನವರು ಚೆನ್ನಾಗಿಯೇ ಇದ್ದಾರಲ್ಲಮ್ಮ ಅಂತ. ಅವಳು ರಾತ್ರಿ ಫೋನ್ ಮಾಡಿ ನಕ್ಕಳು. "ಅಪ್ಪಾ, ಎಚ್ ಅಂದರೆ ಹಿಸ್ಪಾನಿಕ್ ಅಲ್ಲದ ಬಿಳಿಯರು. ಹಿಸ್ಪಾನಿಕ್‌ಗೆ ಐ." ಮೇಲುಗಡೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಇತ್ತು. ಓದಿರಲಿಲ್ಲ. ರೋಲ್ ಬರೆಯುವವನು ತಲೆಸಾಲು ಓದದೆ ಅಂಕಿ ಓದಿದರೆ ಏನಾಗುತ್ತದೆ ಅಂತ ಎಷ್ಟು ಹುಡುಗರಿಗೆ ನಾನೇ ಬೈದಿಲ್ಲ.

ಇನ್ನು ಸೇವೆಯ ವಿಚಾರ. ದುಡ್ಡು ಕೇಳುವುದಿಲ್ಲ, ಇಮೇಲ್ ಕೇಳುವುದಿಲ್ಲ, ಒಟಿಪಿ ಇಲ್ಲ. ಊರು, ಕೌಂಟಿ, ರಾಜ್ಯ ಯಾವುದು ಬೇಕೋ ಆರಿಸಿಕೊಂಡು ಕೋಷ್ಟಕದ ನಂಬರು ಹೊಡೆದರೆ ಸಾಕು. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುವ ಗಣತಿಯ ಜೊತೆಗೆ ಅವರು ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಇನ್ನೊಂದು ಸಮೀಕ್ಷೆ ಕಳಿಸುತ್ತಾರೆ. ಆದಾಯ, ಓದು, ಮನೆ ಬಾಡಿಗೆ, ಮಾತಾಡುವ ಭಾಷೆ ಎಲ್ಲ ಅದರಿಂದ ಬರುತ್ತದೆ. 65,000ಕ್ಕಿಂತ ಹೆಚ್ಚು ಜನ ಇರುವ ಜಾಗಕ್ಕೆ ಒಂದೇ ವರ್ಷದ ಅಂಕಿ ಕೊಡುತ್ತಾರೆ, ಸಣ್ಣ ಊರುಗಳಿಗೆ ಐದು ವರ್ಷದ್ದನ್ನು ಕೂಡಿಸಿ ಕೊಡುತ್ತಾರೆ. ಪ್ರತಿ ಅಂಕಿಯ ಪಕ್ಕ ಇನ್ನೊಂದು ಸಣ್ಣ ಅಂಕಿ, ಮಾರ್ಜಿನ್ ಆಫ್ ಎರರ್. ನಮ್ಮ ಲೆಕ್ಕ ಇಷ್ಟು ಆಚೀಚೆ ಆಗಿರಬಹುದು ಅಂತ ಲೆಕ್ಕ ಬರೆದವನೇ ಪಕ್ಕದಲ್ಲಿ ಬರೆದಿಟ್ಟದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ.

ನೆರೆಯವರ ತೀರ್ಪಿನ ಮೊದಲ ಭಾಗಕ್ಕೆ ಬರೋಣ. ಇದೇ ಇಲಾಖೆ ಪ್ರತಿ ಸೆಪ್ಟೆಂಬರ್‌ನಲ್ಲಿ ಆದಾಯದ ವರದಿಯೊಂದನ್ನು ಬೇರೆ ಸಮೀಕ್ಷೆಯಿಂದ ಹೊರತರುತ್ತದೆ. (ಎರಡು ಸಮೀಕ್ಷೆಯ ಅಂಕಿಗಳನ್ನು ಕಲಸಬೇಡಿ, ಹೊಂದುವುದಿಲ್ಲ.) 2023ರಲ್ಲಿ ಒಂದು ಮನೆಯ ವಾರ್ಷಿಕ ಆದಾಯದ ಮಧ್ಯಾಂಕ, ಅಂದರೆ ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಮನೆಯದ್ದು, ಏಷ್ಯನ್ನರಲ್ಲಿ 1,12,800 ಡಾಲರ್, ಹಿಸ್ಪಾನಿಕ್ ಅಲ್ಲದ ಬಿಳಿಯರಲ್ಲಿ 89,050, ಹಿಸ್ಪಾನಿಕ್‌ರಲ್ಲಿ 65,540, ಕರಿಯರಲ್ಲಿ 56,490. ಇಷ್ಟನ್ನು ಓದಿದವರು ಏಣಿಯ ನಾಲ್ಕು ಮೆಟ್ಟಿಲು ಕಂಡಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಬಹುದು.

ಅಲ್ಲೇ ಮುಚ್ಚಬಾರದು. ಅದೇ ವರ್ಷದ ಬಡತನದ ಅಂಕಿ ತೆಗೆಯಿರಿ. ಕರಿಯರಲ್ಲಿ ಬಡವರು ಶೇ. 17.9, ಹಿಸ್ಪಾನಿಕ್‌ರಲ್ಲಿ ಶೇ. 16.6. ಮನೆ ಆದಾಯದಲ್ಲಿ ಒಂಬತ್ತು ಸಾವಿರ ಡಾಲರ್ ಮುಂದಿದ್ದವರು ಬಡತನದಲ್ಲಿ ಹೆಚ್ಚುಕಡಿಮೆ ಪಕ್ಕಪಕ್ಕವೇ ನಿಂತಿದ್ದಾರೆ. ಇನ್ನೂ ಸೋಜಿಗ ಏಷ್ಯನ್ನರದ್ದು. ಆದಾಯದಲ್ಲಿ ಎಲ್ಲರಿಗಿಂತ ಮೇಲೆ, ಆದರೆ ಬಡವರು ಶೇ. 9.1; ಆದಾಯದಲ್ಲಿ ಅವರಿಗಿಂತ ಕೆಳಗಿರುವ ಬಿಳಿಯರಲ್ಲಿ ಶೇ. 7.7 ಮಾತ್ರ.

ಇದು ಹೇಗೆ ಅಂತ ಅರ್ಥವಾಗಲು ನನಗೆ ಕಾಲೇಜು ಬೇಕಾಗಲಿಲ್ಲ, ಕೂಲಿಯವರು ಸಾಲಾಗಿ ವಾಸಿಸುವ ಲೈನ್‌ಮನೆ ಸಾಕಾಯಿತು. ನಮ್ಮ ತೋಟದ ಲೈನಿನಲ್ಲಿ ಮೂರನೇ ಮನೆಯಿಂದ ಕುಯ್ಲಿಗೆ ಐದು ಜನ ಬರುತ್ತಿದ್ದರು: ಗಂಡ, ಹೆಂಡತಿ, ಗಂಡನ ತಮ್ಮ, ಅವನ ಹೆಂಡತಿ, ಬೆಳೆದ ಮಗ. ಶನಿವಾರ ಬಟವಾಡೆಯಲ್ಲಿ ಆ ಮನೆಗೆ ಹೋಗುತ್ತಿದ್ದ ಹಣ ಮೇಸ್ತ್ರಿಯ ಮನೆಗಿಂತ ಜಾಸ್ತಿ. ಹಾಗಂತ ಅವರು ಮೇಸ್ತ್ರಿಗಿಂತ ಅನುಕೂಲಸ್ಥರಾ? ಆ ಒಂದೇ ಒಲೆಗೆ ಒಂಬತ್ತು ತಟ್ಟೆ. ಹಿಸ್ಪಾನಿಕ್ ಮನೆಗಳೂ ಅಮೆರಿಕದ ಸರಾಸರಿಗಿಂತ ದೊಡ್ಡವು, ದುಡಿಯುವ ಕೈಗಳೂ ಹೆಚ್ಚು, ಹಂಚಿಕೊಳ್ಳುವ ಬಾಯಿಗಳೂ ಹೆಚ್ಚು. ಮನೆ ಆದಾಯದ ಅಂಕಿ ಒಲೆ ಎಣಿಸುತ್ತದೆ, ತಟ್ಟೆ ಎಣಿಸುವುದಿಲ್ಲ. ಬಡತನದ ರೇಖೆ ತಟ್ಟೆ ಎಣಿಸುತ್ತದೆ. 2023ರಲ್ಲಿ ಇಬ್ಬರು ಮಕ್ಕಳಿರುವ ನಾಲ್ವರ ಸಂಸಾರಕ್ಕೆ ಅದು 30,900 ಡಾಲರ್. ಈ ಜಾಲತಾಣದ ದೊಡ್ಡ ಗುಣ ಇದು. ತಲಾ ಆದಾಯಕ್ಕೆ ಬಿ19301, ಮನೆಯೊಂದಕ್ಕೆ ಸರಾಸರಿ ಎಷ್ಟು ಜನ ಅನ್ನುವುದಕ್ಕೆ ಬಿ25010. ಒಲೆಯ ಲೆಕ್ಕ ಕೊಟ್ಟವರೇ ತಟ್ಟೆಯ ಲೆಕ್ಕವನ್ನೂ ಪಕ್ಕದಲ್ಲೇ ಇಟ್ಟಿದ್ದಾರೆ, ಕೇಳುವ ವ್ಯವಧಾನ ನಮಗಿರಬೇಕು ಅಷ್ಟೇ.

ಏಷ್ಯನ್ನರ ಗುಟ್ಟು ಬೇರೆ. ಆ ಒಂದು ತಲೆಸಾಲಿನ ಕೆಳಗೆ ನನ್ನ ಅಳಿಯನಂಥ ಇಂಜಿನಿಯರೂ ಇದ್ದಾನೆ, ಬರ್ಮಾದಿಂದ ನಿರಾಶ್ರಿತನಾಗಿ ಬಂದು ಕೋಳಿ ಕಾರ್ಖಾನೆಯಲ್ಲಿ ನಿಂತವನೂ ಇದ್ದಾನೆ. ಹಿಸ್ಪಾನಿಕ್ ಅನ್ನುವ ತಲೆಸಾಲಂತೂ ಇನ್ನೂ ಅಗಲ. 1976ರಲ್ಲಿ ಅಲ್ಲಿಯ ಸಂಸತ್ತು ಸ್ಪ್ಯಾನಿಷ್ ಮೂಲದವರ ಲೆಕ್ಕ ಪ್ರತ್ಯೇಕವಾಗಿ ಇಡಬೇಕು ಅಂತ ಕಾನೂನು ಮಾಡಿತು, 1980ರ ಗಣತಿಯಲ್ಲಿ ಮನೆಮನೆಗೂ ಆ ಪ್ರಶ್ನೆ ಹೋಯಿತು. ಆ ಸಾಲಿನಲ್ಲಿ 1917ರಿಂದ ಹುಟ್ಟಾ ಅಮೆರಿಕದ ಪ್ರಜೆಗಳಾಗಿರುವ ಪೋರ್ಟೊ ರಿಕೋದವರಿದ್ದಾರೆ, 1966ರ ವಿಶೇಷ ಕಾನೂನಿನಿಂದ ಕಾಯಂ ವಾಸದ ಹಾದಿ ಸುಲಭವಾದ ಕ್ಯೂಬಾದವರಿದ್ದಾರೆ, ಎಲ್ಲರಿಗಿಂತ ಹೆಚ್ಚಾಗಿ ಮೆಕ್ಸಿಕೋ ಮೂಲದವರಿದ್ದಾರೆ. ಅವರಲ್ಲೂ ಟೆಕ್ಸಾಸ್ ಇನ್ನೂ ಮೆಕ್ಸಿಕೋಕ್ಕೆ ಸೇರಿದ್ದ ಕಾಲದಿಂದ ಅಲ್ಲೇ ಇರುವ ಮನೆತನಗಳಿವೆ, ಮೊನ್ನೆ ಗಡಿ ದಾಟಿ ಬಂದವರೂ ಇದ್ದಾರೆ. ಎಲ್ಲರಿಗೂ ಸೇರಿ ಒಂದು ಮಧ್ಯಾಂಕ. ಬೇರೆಬೇರೆ ಮಾಡಿ ನೋಡಬೇಕಾದರೆ ಬಿ03001 ಅಂತ ಹೊಡೆಯಿರಿ, ಯಾವ ದೇಶದ ಮೂಲದವರು ಎಷ್ಟು ಅಂತ ಬಿಡಿಬಿಡಿಯಾಗಿ ಬರುತ್ತದೆ.

ಅದನ್ನು ನೋಡುತ್ತಿದ್ದಾಗ ನನ್ನದೇ ರೋಲ್ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಹೊರಗಿನಿಂದ ಕೆಲಸಕ್ಕೆ ಬಂದವರನ್ನೆಲ್ಲ ನಾನು ಒಂದೇ ಪುಟದಲ್ಲಿ 'ಅಸ್ಸಾಂ' ಅಂತ ಬರೆಯುತ್ತಿದ್ದೆ. ಒಬ್ಬ ಹುಡುಗ ಎರಡು ಕುಯ್ಲು ಸುಮ್ಮನಿದ್ದು ಮೂರನೆಯದರಲ್ಲಿ ಹೇಳಿದ, "ಸಾರ್, ನಾನು ಜಾರ್ಖಂಡ್." ತಿದ್ದುತ್ತೇನೆ ಅಂದೆ, ತಿದ್ದಲಿಲ್ಲ. ಸರ್ಕಾರದ ಪಟ್ಟಿಗಳೂ ಅಷ್ಟೆ. ನಮ್ಮಲ್ಲಿ ಪರಿಶಿಷ್ಟ ಪಂಗಡ ಅನ್ನುವ ಒಂದೇ ಸಾಲಿನಲ್ಲಿ ಕಾಡಂಚಿನ ಹಾಡಿಯ ಜೇನುಕುರುಬರೂ ಇದ್ದಾರೆ, ಬಯಲುಸೀಮೆಯಲ್ಲಿ ಶಾಸಕರು ಮಂತ್ರಿಗಳನ್ನು ಕಂಡ ನಾಯಕ ಸಮುದಾಯವೂ ಇದೆ. ಆ ಸಾಲಿನ ಸರಾಸರಿ ತೆಗೆದು ತಿತಿಮತಿಯ ಹಾಡಿಗೆ ಹೋಗಿ ಓದಿ ಹೇಳಿದರೆ ಅವರು ಯಾರ ಲೆಕ್ಕ ಇದು ಅಂತ ಕೇಳುತ್ತಾರೆ.

ಈಗ ಎರಡನೇ ಭಾಗ, 'ಎಷ್ಟು ಕೊಟ್ಟರೂ ಉಳಿಸಲ್ಲ'. ಇದಕ್ಕೆ ಉತ್ತರ ಈ ಜಾಲತಾಣದಲ್ಲಿ ಪೂರ್ತಿ ಸಿಗುವುದಿಲ್ಲ. ಆಸ್ತಿ ಲೆಕ್ಕಕ್ಕೆ ಅಲ್ಲಿಯ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಮಾಡುವ ಸಮೀಕ್ಷೆಗೆ ಹೋಗಬೇಕು. 2022ರಲ್ಲಿ ಸಾಲ ಕಳೆದು ಉಳಿಯುವ ಆಸ್ತಿಯ ಮಧ್ಯಾಂಕ ಬಿಳಿಯರ ಸಂಸಾರಕ್ಕೆ 2,85,000 ಡಾಲರ್, ಹಿಸ್ಪಾನಿಕ್ ಸಂಸಾರಕ್ಕೆ 61,600, ಕರಿಯರಿಗೆ 44,900. ಆದಾಯದಲ್ಲಿ ಬಿಳಿಯರ ಮುಕ್ಕಾಲು ಪಾಲಿನ ಹತ್ತಿರ ಇರುವವರು ಆಸ್ತಿಯಲ್ಲಿ ಐದನೇ ಒಂದು ಪಾಲು. ನೆರೆಯವರಿಗೆ ಇದನ್ನು ಮೊದಲೇ ತೋರಿಸಿದ್ದರೆ "ನಾನು ಹೇಳಲಿಲ್ಲವಾ" ಅಂತ ಇನ್ನೊಂದು ಬನ್ ತರಿಸುತ್ತಿದ್ದರು.

ಆದರೆ ಉಳಿಸಿದ್ದು ಎಲ್ಲಿಗೆ ಹೋಯಿತು ಅಂತ ನೋಡಬೇಡವಾ? 1942ರಿಂದ 1964ರವರೆಗೆ ಅಮೆರಿಕ ಮೆಕ್ಸಿಕೋದಿಂದ ಹೊಲಗಳಿಗೆ ಕರಾರಿನ ಮೇಲೆ ಆಳು ಕರೆಸಿಕೊಂಡಿತು, ಬ್ರಸೆರೋ ಯೋಜನೆ ಅಂತ; ಸುಮಾರು 46 ಲಕ್ಷ ಕರಾರು. ಮೊದಲ ವರ್ಷಗಳಲ್ಲಿ ಕೂಲಿಯ ಶೇ. 10ನ್ನು ಉಳಿತಾಯ ಅಂತಲೇ ಹಿಡಿದು ಮೆಕ್ಸಿಕೋದ ಬ್ಯಾಂಕುಗಳಿಗೆ ಕಳಿಸುತ್ತಿದ್ದರು, ಊರಿಗೆ ಹೋದ ಮೇಲೆ ತೆಗೆದುಕೊಳ್ಳಿ ಅಂತ. ಬಹಳ ಜನಕ್ಕೆ ಆ ದುಡ್ಡು ಕೈಸೇರಲೇ ಇಲ್ಲ. ಉಳಿಸಲಿಲ್ಲ ಅನ್ನುವ ಮಾತಿಗೆ ಇದಕ್ಕಿಂತ ಖಾರದ ಉತ್ತರ ನನಗೆ ಗೊತ್ತಿಲ್ಲ. ಇವತ್ತಿಗೂ ವರ್ಷಕ್ಕೆ 6,000 ಕೋಟಿ ಡಾಲರಿಗೂ ಮಿಕ್ಕಿ ಹಣ ಹೊರದೇಶಗಳಿಂದ ಮೆಕ್ಸಿಕೋದ ಮನೆಗಳಿಗೆ ಹೋಗುತ್ತದೆ, ಬಹುಪಾಲು ಅಮೆರಿಕದಿಂದಲೇ. ತಾಯಿಯ ಔಷಧಿ, ತಮ್ಮನ ಫೀಸು, ಊರಿನ ಮನೆಯ ಗೋಡೆ. ಅದು ಅಮೆರಿಕದ ಆಸ್ತಿ ಪಟ್ಟಿಗೆ ಬರುವುದಿಲ್ಲ. ನಮ್ಮ ಲೈನ್‌ಮನೆಯ ಹುಡುಗರೂ ಶನಿವಾರ ಸಂಜೆ ಮೊಬೈಲ್ ಅಂಗಡಿ ಮುಂದೆ ಕ್ಯೂ ನಿಲ್ಲುವುದು ಸಿನಿಮಾ ಹಾಕಿಸಿಕೊಳ್ಳಲು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅವರು ನಿಲ್ಲುತ್ತಿದ್ದದ್ದು ಮನೆಗೆ ದುಡ್ಡು ಹಾಕಲು.

ವಯಸ್ಸೂ ಒಂದು ಕಾರಣ. ಹಿಸ್ಪಾನಿಕ್‌ರ ವಯಸ್ಸಿನ ಮಧ್ಯಾಂಕ ಬಿಳಿಯರದ್ದಕ್ಕಿಂತ ಹತ್ತಕ್ಕೂ ಮಿಕ್ಕಿ ವರ್ಷ ಕೆಳಗಿದೆ. ಮೂವತ್ತರವನ ಆಸ್ತಿಯನ್ನು ನಲವತ್ತಮೂರರವನ ಜೊತೆ ತೂಗಿದರೆ ತಕ್ಕಡಿ ಯಾವ ಕಡೆ ವಾಲಬೇಕೋ ಆ ಕಡೆಗೇ ವಾಲುತ್ತದೆ.

ದೊಡ್ಡ ಕಾರಣ ಮನೆ ಮತ್ತು ಶಾಲೆ. ಇದನ್ನು ನಾನು ಅಂಕಿಯಲ್ಲಿ ಓದುವ ಮೊದಲು ಕಾರಿನ ಕಿಟಕಿಯಲ್ಲಿ ಕಂಡಿದ್ದೆ. ಒಂದು ಭಾನುವಾರ ಮಗಳು ಊರು ತೋರಿಸುತ್ತೇನೆ ಅಂತ ಅಲಾಮೊ ಹೈಟ್ಸ್ ಕಡೆಯಿಂದ ಶುರುಮಾಡಿ ಪಶ್ಚಿಮದ ಎಡ್ಜ್‌ವುಡ್ ಕಡೆಗೆ ಕರೆದುಕೊಂಡು ಹೋದಳು. ಮೊದಲನೆಯ ಕಡೆ ಓಕ್ ಮರದ ನೆರಳು, ಕಲ್ಲಿನ ಮನೆ, ರಸ್ತೆಗೆ ಹೊಂದಿಕೊಂಡ ಹುಲ್ಲು. ಅರ್ಧ ಗಂಟೆಯೂ ಆಗಿರಲಿಲ್ಲ, ನೆರಳು ಮುಗಿಯಿತು. ತಂತಿಬೇಲಿ, ಸಣ್ಣ ಮರದ ಮನೆ, ಅಂಗಳದಲ್ಲಿ ಬಾನೆಟ್ ತೆರೆದಿಟ್ಟ ಪಿಕಪ್ ಗಾಡಿ. ಒಂದು ಬೇಲಿಯ ಮೇಲೆ ಮಕ್ಕಳ ಯೂನಿಫಾರ್ಮ್ ಒಣಗಲು ಹಾಕಿದ್ದರು, ಒಂದೇ ಅಳತೆಯ ಮೂರು ಅಂಗಿ. ನಮ್ಮ ಮನೆಯವರು "ನಾಳೆ ಸೋಮವಾರ" ಅಂದರು, ಅಷ್ಟೇ.

ಈ ಎಡ್ಜ್‌ವುಡ್‌ನ ಹೆಸರು ಅಮೆರಿಕದ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಅಲ್ಲಿ ಶಾಲೆಗೆ ದುಡ್ಡು ಬರುವುದರಲ್ಲಿ ಆ ಏರಿಯಾದ ಆಸ್ತಿ ತೆರಿಗೆಗೆ ದೊಡ್ಡ ಪಾಲಿತ್ತು. 1967–68ರಲ್ಲಿ ಎಡ್ಜ್‌ವುಡ್‌ನವರು ನೂರು ಡಾಲರ್ ಆಸ್ತಿ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು, ಅಲಾಮೊ ಹೈಟ್ಸ್‌ನವರು 85 ಸೆಂಟ್. ಹೆಚ್ಚು ದರ ಕಟ್ಟಿದ ಎಡ್ಜ್‌ವುಡ್‌ಗೆ ಆ ತೆರಿಗೆಯಿಂದ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್. ಕಡಿಮೆ ದರ ಕಟ್ಟಿದವರಿಗೆ 333. ರಾಜ್ಯ, ಕೇಂದ್ರದ ಹಣ ಸೇರಿಸಿದ ಮೇಲೂ 356ಕ್ಕೆ ಎದುರಾಗಿ 594. ಎಡ್ಜ್‌ವುಡ್‌ನ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮೆಕ್ಸಿಕನ್ ಮೂಲದವರು. ಡಿಮೆಟ್ರಿಯೊ ರೊಡ್ರಿಗಸ್ ಅನ್ನುವ ತಂದೆ ಮತ್ತು ಇತರ ಪೋಷಕರು ದಾವೆ ಹೂಡಿದರು. 1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು, ಶಿಕ್ಷಣ ಅಲ್ಲಿಯ ಸಂವಿಧಾನದ ಮೂಲಭೂತ ಹಕ್ಕಲ್ಲ ಅಂತ. 1989ರಲ್ಲಿ ಟೆಕ್ಸಾಸ್‌ನ ಸ್ವಂತ ಸುಪ್ರೀಂ ಕೋರ್ಟು ರಾಜ್ಯದ ಸಂವಿಧಾನದ ಆಧಾರದ ಮೇಲೆ ಈ ಪದ್ಧತಿ ಸರಿಯಲ್ಲ ಅಂದಿತು. ಅಷ್ಟರಲ್ಲಿ 1968ರಲ್ಲಿ ಒಂದನೇ ಕ್ಲಾಸಿನಲ್ಲಿದ್ದ ಮಗುವಿಗೆ ಇಪ್ಪತ್ತೇಳು.

ಇದು ತಿಳಿದ ಮೇಲೆ 2021ರ ಓದಿನ ಅಂಕಿ ಬೇರೆ ತರಹ ಕಾಣುತ್ತದೆ. 25 ದಾಟಿದವರಲ್ಲಿ ಡಿಗ್ರಿ ಮುಗಿಸಿದವರು ಏಷ್ಯನ್ನರಲ್ಲಿ ಶೇ. 61, ಬಿಳಿಯರಲ್ಲಿ 41.9, ಕರಿಯರಲ್ಲಿ 28.1, ಹಿಸ್ಪಾನಿಕ್‌ರಲ್ಲಿ 20.6. ಏಷ್ಯನ್ನರ 61ರಲ್ಲಿ ನನ್ನ ಅಳಿಯನೂ ಒಬ್ಬ, ಆದರೆ ಅವನ ಡಿಗ್ರಿಗೆ ಖರ್ಚಾದದ್ದು ಕರ್ನಾಟಕದ ದುಡ್ಡು. ಡಿಗ್ರಿ ಇದ್ದವರನ್ನೇ ಆರಿಸಿ ವೀಸಾ ಕೊಟ್ಟು ಕರೆಸಿಕೊಂಡ ಗುಂಪನ್ನೂ, ತೋಟ ಹೊಲಕ್ಕೆ ಬೇಕೆಂದು ಕರೆಸಿಕೊಂಡವರ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇವರು ಜಾಣರು, ಅವರು ದಡ್ಡರು ಅನ್ನುವುದು ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿ ಗ್ರೇಡ್ ಮಾಡಿದ ಪಾರ್ಚ್‌ಮೆಂಟ್ ಕಾಫಿಯನ್ನೂ ಇಡೀ ಹಣ್ಣಾಗಿಯೇ ಒಣಗಿಸಿ ಕಣದಿಂದ ಬಾಚಿದ ಚೆರಿಯನ್ನೂ ಒಂದೇ ರೇಟಿಗೆ ಕೇಳಿದ ಹಾಗೆ.

ಒಂದು ಅಂಕಿ ಮಾತ್ರ ಯಾವ ಏಣಿಗೂ ಸಿಗದ್ದು. 2019ರಲ್ಲಿ ಹಿಸ್ಪಾನಿಕ್‌ರ ನಿರೀಕ್ಷಿತ ಆಯಸ್ಸು 81.9 ವರ್ಷ, ಬಿಳಿಯರದ್ದು 78.8. ದುಡ್ಡು ಕಡಿಮೆ, ಆಸ್ಪತ್ರೆ ವಿಮೆ ಇಲ್ಲದವರು ಹೆಚ್ಚು, ಆದರೂ ಬದುಕು ಉದ್ದ. ಸಿಗರೇಟು ಕಡಿಮೆ ಅನ್ನುತ್ತಾರೆ, ಗಟ್ಟಿಮುಟ್ಟಾದವರೇ ವಲಸೆ ಬರುತ್ತಾರೆ ಅನ್ನುತ್ತಾರೆ. ನಮ್ಮ ಮನೆಯವರು ಮನೆ ತುಂಬ ಜನ ಇರುತ್ತಾರಲ್ಲ ಅನ್ನುತ್ತಾರೆ. ಕೋವಿಡ್ ಬಂದಾಗ ಅದೇ ಮನೆ ತುಂಬ ಜನ ಮುಳುವಾಯಿತು. ಮಾಂಸದ ಕಾರ್ಖಾನೆ, ಹೊಲ, ಅಡುಗೆಮನೆಯ ಕೆಲಸ ಲ್ಯಾಪ್‌ಟಾಪಿನಲ್ಲಿ ಆಗುವಂಥದ್ದಲ್ಲ. ಎರಡೇ ವರ್ಷದಲ್ಲಿ ಅವರ ಆಯಸ್ಸು ಸುಮಾರು ನಾಲ್ಕು ವರ್ಷ ಕುಸಿಯಿತು.

ಮೆಚ್ಚಿದ್ದು ಇನ್ನೊಂದಿದೆ. 2020ರ ಗಣತಿಯಲ್ಲಿ ಹಿಸ್ಪಾನಿಕ್‌ರು 6.21 ಕೋಟಿ ಅಂತ ಎಣಿಸಿದ ಇಲಾಖೆ, ಆಮೇಲೆ ತಾನೇ ಮರುಸಮೀಕ್ಷೆ ಮಾಡಿ, ಆ ವರ್ಗದಲ್ಲಿ ಶೇ. 4.99ರಷ್ಟು ಜನರನ್ನು ಬಿಟ್ಟಿದ್ದೇವೆ, ಬಿಳಿಯರನ್ನು ಶೇ. 1.64 ಹೆಚ್ಚಿಗೆ ಎಣಿಸಿದ್ದೇವೆ ಅಂತ 2022ರಲ್ಲಿ ಪ್ರಕಟಿಸಿತು. ಒಂದೇ ವಿಳಾಸದಲ್ಲಿ ಎರಡು ಮೂರು ಸಂಸಾರ ಇರುವ ಕಡೆ, ಬಾಗಿಲು ತಟ್ಟಿದವರು ಸರ್ಕಾರದವರು ಅಂದರೆ ಹೆದರುವ ಕಡೆ ಹೆಸರು ತಪ್ಪುತ್ತದೆ. ಲೈನ್‌ಮನೆಯಲ್ಲೂ ಹಾಗೆಯೇ; ಚಿಕ್ಕ ಮಕ್ಕಳು ಯಾವ ರೋಲ್‌ಗೂ ಬರುವುದಿಲ್ಲ. ನಮ್ಮ ಕೊಡಗಿನ ಲೆಕ್ಕ ಇನ್ನೂ 2011ರ 5,54,519ರಲ್ಲೇ ನಿಂತಿದೆ. ಆಮೇಲೆ ಎಷ್ಟು ಕುಯ್ಲು, ಎಷ್ಟು ರೈಲುಗಳಲ್ಲಿ ಎಷ್ಟು ಜನ ಬಂದರು ಅನ್ನುವುದು 2027ರ ಗಣತಿಗೆ ಬಿಟ್ಟದ್ದು.

ಕೊರತೆಗಳು: ಆ ಎಚ್ ಮತ್ತು ಐ ಅಕ್ಷರಗಳು, ನಾನಂತೂ ಕ್ಷಮಿಸಿಲ್ಲ. ಮೊಬೈಲಿನಲ್ಲಿ ನೋಡಬೇಡಿ, ಅಗಲ ಕೋಷ್ಟಕ ಬೆರಳಿಗೆ ಸಿಗುವುದಿಲ್ಲ. ಎಲ್ಲ ಇಂಗ್ಲಿಷಿನಲ್ಲೇ ಇದೆ, ಅದಕ್ಕೆ ಅವರನ್ನು ದೂರುವ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದರೊಳಗೆ ಎಕ್ಸೆಲ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಐದಕ್ಕೆ ನಾಲ್ಕು ನಕ್ಷತ್ರ.

ಮೊನ್ನೆ ನಾಲ್ಕು ಹಾಳೆ ಪ್ರಿಂಟ್ ತೆಗೆಸಿಕೊಂಡು ಟೀ ಅಂಗಡಿಗೆ ಹೋದೆ. ನೆರೆಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಆ ವಿಷಯದಲ್ಲಿ ಅವರು ದೊಡ್ಡ ಮನುಷ್ಯರೇ. ಓದಿ ಮುಗಿಸಿ, "ಒಲೆ, ತಟ್ಟೆ ಎಲ್ಲ ಸರಿ ರೈಟ್ರೇ, ಕೊನೆಗೆ ಯಾರ ಸ್ಥಿತಿ ಕಷ್ಟ ಅಂತ ಒಂದೇ ಮಾತಲ್ಲಿ ಹೇಳಿ" ಅಂದರು.

"ಹೇಳ್ತೀನಿ. ನಿಮ್ಮ ಲೈನಿನಲ್ಲಿ ಈಗ ಎಷ್ಟು ಜನ ಇದ್ದಾರೆ?"

"ನಾಲ್ಕು ಮನೆ."

"ಮನೆ ಅಲ್ಲ. ಜನ."

ಅವರು ಬೆರಳು ಮಡಚಿದರು, ಎರಡನೇ ಮನೆಯಲ್ಲಿ ತಡವರಿಸಿದರು, ಮತ್ತೆ ಮೊದಲಿಂದ ಶುರುಮಾಡಿದರು. ಆಮೇಲೆ ಫೋನ್ ತೆಗೆದು ತಮ್ಮ ರೈಟರಿಗೆ ಕರೆ ಮಾಡಿದರು. ಅವನು ತೆಗೆಯಲಿಲ್ಲ.